ಕೆಸುವಿನ ಕರಕಲಿಗೆ ಯಾವ ಹುಳಿ? ಹುಣಸೆ, ಮುರುಗಲು, ಉಪ್ಪಾಗೆ, ವಾಟೆ

ಹುಳಿ ಬೇಕು ಅಂದ ಕೂಡಲೇ ಹುಣಸೆ ಡಬ್ಬಕ್ಕೆ ಕೈ ಹಾಕುವುದು ಉತ್ತರ ಕನ್ನಡದವರಿಗೆ ಅಷ್ಟು ಶೋಭಿಸುವುದಿಲ್ಲ. ಹುಣಸೆ ನಮ್ಮ ಮಳೆಗೆ ಒಗ್ಗುವ ಮರವಲ್ಲ. ನಮ್ಮ ಕುಮಟೆ ಪೇಟೆಗೆ ಅದು ಬಯಲುಸೀಮೆಯಿಂದ ಘಟ್ಟ ಇಳಿದು ಬರುತ್ತದೆ. ಇತ್ತ ಮನೆ ಹಿಂದಿನ ಬೆಟ್ಟದಲ್ಲೇ ಮುರುಗಲು (ಕೋಕಂ), ಉಪ್ಪಾಗೆಯಂಥ ಹುಳಿ ಹಣ್ಣುಗಳು ಬಿದ್ದು ಹಾಳಾಗುತ್ತಿರುತ್ತವೆ, ಶಿರಸಿ ಕಡೆ ವಾಟೆಯೂ ಇದೆ. ಹಾಗಾಗಿ ಈ ಮಳೆಗಾಲದಲ್ಲಿ ನಾಲ್ಕನ್ನೂ ಎದುರಾಬದುರು ಇಟ್ಟು ನೋಡಿದೆ. ಅಡುಗೆ ಅದೇ, ಪಾತ್ರೆ ಅದೇ, ಹುಳಿ ಮಾತ್ರ ಬೇರೆ.

ಪರೀಕ್ಷೆಗೆ ಆರಿಸಿಕೊಂಡದ್ದು ಕೆಸುವಿನ ಕರಕಲಿ, ಅಂದರೆ ಕೆಸುವಿನ ಎಲೆಯನ್ನು ಹುಳಿ ಹಾಕಿ ಬೇಯಿಸಿ, ಮಸೆದು, ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ. ಯಾಕೆಂದರೆ ಹುಳಿಯ ಬಂಡವಾಳ ಬಯಲಾಗುವುದು ಅಲ್ಲೇ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅವುಗಳಿಂದ. ಚೆನ್ನಾಗಿ ಬೇಯಬೇಕು, ಜೊತೆಗೆ ಹುಳಿ ಇರಬೇಕು. ಹುಳಿ ಕಡಿಮೆಯಾದರೆ ನಾಲಿಗೆಯೇ ಹೇಳುತ್ತದೆ, ಬೇರೆ ತೀರ್ಪುಗಾರರು ಬೇಡ. ಕರಕಲಿ ಆದಮೇಲೆ ಅದೇ ಹುಳಿಗಳನ್ನು ಬೇಳೆ ಹಾಕದ ತಿಳಿಸಾರಿಗೂ ಬಂಗಡೆಗೂ ಹಾಕಿ ನೋಡಿದೆ. ಬಂಗಡೆಗೆ ಮಾತ್ರ ಆಗಸ್ಟ್ ತನಕ ಕಾಯಬೇಕಾಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಆಗ ಸಿಗುವ ಮೀನಿಗೆ ಕೊಟ್ಟಷ್ಟೂ ದುಡ್ಡು ಸಾಲದು.

ಕರಕಲಿಯ ಕ್ರಮ ಹೀಗೆ. ಎಳೆ ಕೆಸುವಿನ ಎಲೆ 15 ಸಾಕು. ಕಪ್ಪು ದಂಟಿನದಾದರೆ ಒಳ್ಳೆಯದು, ತುರಿಕೆ ಕಡಿಮೆ. ಕೊಯ್ದ ಎಲೆಯನ್ನು ಅರ್ಧ ದಿನ ಬಾಡಲು ಬಿಡಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ದಪ್ಪ ನಾರು ತೆಗೆದು, ಸಣ್ಣಗೆ ಹೆಚ್ಚಿ. ಹುಳಿ ನೀರು, ನಾಲ್ಕೈದು ಸೂಜಿಮೆಣಸು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಸೌಟಿನ ಹಿಂಬದಿಯಿಂದ ಮಸೆದರೆ ಎಲೆ ಪೂರ್ತಿ ಕರಗಿಹೋಗಬೇಕು. ಆಮೇಲೆ ಉಪ್ಪು, ಚೂರು ಬೆಲ್ಲ. ಕೊನೆಗೆ ಜಜ್ಜಿದ ಬೆಳ್ಳುಳ್ಳಿ ಧಾರಾಳವಾಗಿ ಹಾಕಿ ಕೊಬ್ಬರಿ ಎಣ್ಣೆಯ ಒಗ್ಗರಣೆ. ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಗಡಿಗೆ ಆಗುತ್ತದೆ. ಅಲ್ಯುಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಈ ಅಳತೆಗೆ ಹುಣಸೆಯಾದರೆ ಲಿಂಬೆ ಗಾತ್ರದ ಉಂಡೆ ಬೇಕು. ವಾಟೆಯ ಒಣ ಹೋಳು ಆರೇಳು. ಉಪ್ಪಾಗೆ ಸಿಪ್ಪೆ ಎರಡೋ ಮೂರೋ ತುಂಡು ಸಾಕು, ಅದು ಭಾರಿ ಖಡಕ್. ಮುರುಗಲು ಸಿಪ್ಪೆ ಎಂಟು ಹಾಕಿದರೂ ಇನ್ನೂ ಬೇಕಿತ್ತು ಅನ್ನಿಸುತ್ತದೆ.

ಹುಣಸೆಯ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ತುರಿಕೆ ಹೋಗುತ್ತದೆ, ಖಾತ್ರಿ. ಎಷ್ಟು ಕುದಿಸಿದರೂ ಹೆದರುವುದಿಲ್ಲ. ಆದರೆ ಅದರ ಒಳಗೇ ಒಂದು ಸಿಹಿ ಇದೆ, ದಪ್ಪ ರಸ ಇದೆ. ಎರಡೂ ಸೇರಿ ಕರಕಲಿಯನ್ನು ಗೊಜ್ಜು ಮಾಡಿಬಿಡುತ್ತವೆ. ಕೆಸುವಿನ ಮಳೆಗಾಲದ ಹಸಿ ವಾಸನೆ ಎಲ್ಲೋ ಅಡಗಿಹೋಗುತ್ತದೆ. ಹಾಗಲಕಾಯಿ ಗೊಜ್ಜಿಗೆ ಇದೇ ಗುಣ ಬೇಕು. ಇಲ್ಲಿ ಬೇಡ.

ಮುರುಗಲಿನ ವಿಷಯಕ್ಕೆ ಬಂದರೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಕೊಂಕಣಿಯವರ ಬಿರಿಂಡ ಇದೇ. ಏಪ್ರಿಲ್, ಮೇ ಬಿಸಿಲಿಗೆ ಹಣ್ಣಾಗುತ್ತದೆ. ಸಿಪ್ಪೆಗೆ ಉಪ್ಪು ಹಾಕಿ, ಅದರದೇ ರಸದಲ್ಲಿ ಅದ್ದಿ ಅದ್ದಿ ಅಂಗಳದಲ್ಲಿ ಒಣಗಿಸುತ್ತಾರೆ. ಬೀಜವನ್ನೂ ಬಿಸಾಡುವುದಿಲ್ಲ, ಅದರ ತುಪ್ಪ ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಆಗುತ್ತದೆ. ಇಷ್ಟೆಲ್ಲ ಪ್ರೀತಿ ಇದ್ದರೂ ಕರಕಲಿಯಲ್ಲಿ ಮುರುಗಲು ಸೋತಿತು. ಹಸಿರಿಗೆ ಅದರ ಕೆಂಪು ಬೆರೆತು ಗದ್ದೆ ಕೆಸರಿನ ಬಣ್ಣ ಬಂತು. ತುರಿಕೆ ಹೋಗಲೆಂದು ಸಿಪ್ಪೆ ಹೆಚ್ಚಿಸಿ ಅರ್ಧ ಗಂಟೆ ಕುದಿಸಿದರೆ ಒಗರು ಬಿಟ್ಟುಕೊಂಡಿತು. ಸಿಪ್ಪೆಯಲ್ಲೇ ಉಪ್ಪು ಇರುವುದರಿಂದ ಉಪ್ಪಿನ ಲೆಕ್ಕವೂ ತಪ್ಪುತ್ತದೆ.

ಆದರೆ ಅದೇ ಮುರುಗಲನ್ನು ತಿಳಿಸಾರಿಗೆ ಹಾಕಿ ನೋಡಿ. ಆರು ಸಿಪ್ಪೆ ತೊಳೆದು 3 ಲೋಟ ಬಿಸಿ ನೀರಿನಲ್ಲಿ ಕಾಲು ಗಂಟೆ ನೆನೆಯಲು ಬಿಡಿ. ಹಸಿಮೆಣಸು ಸೀಳಿ ಹಾಕಿ, ಬೆಲ್ಲ ಹಾಕಿ, ಉಪ್ಪು ರುಚಿ ನೋಡಿಯೇ ಹಾಕಿ. ಒಂದೇ ಒಂದು ಕುದಿ. ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಕೆಂಪಗೆ, ತಿಳಿಯಾಗಿ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವ ಹಾಗಿರುತ್ತದೆ. ಇದರ ಎದುರು ಹುಣಸೆಯ ಸಾರು ಮಬ್ಬು ಮಬ್ಬಾಗಿ ಕಂಡಿತು. ವಾಟೆಯದು ಸಪ್ಪೆ ಅನ್ನಿಸಿತು. ಉಪ್ಪಾಗೆಯ ಸಾರನ್ನು ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಇಲ್ಲಿ ಒಂದು ಮಾತು. ಹುಳಿ ಯಾವುದು ಅನ್ನುವಷ್ಟೇ ಮುಖ್ಯ ಅದನ್ನು ಯಾವಾಗ ಹಾಕುತ್ತೀರಿ ಅನ್ನುವುದು. ಹುಳಿ ಬಿದ್ದಮೇಲೆ ಬೇಳೆ ಸುಲಭಕ್ಕೆ ಬೇಯುವುದಿಲ್ಲ, ತರಕಾರಿ ಹೋಳೂ ಗಟ್ಟಿಯಾಗಿಯೇ ಉಳಿಯುತ್ತದೆ. ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ ಎಂದು ಅಂಗಡಿಯವರನ್ನು ಬೈಯುವ ಮೊದಲು ಹುಳಿ ಯಾವಾಗ ಹಾಕಿದಿರಿ ಎಂದು ನೆನಪು ಮಾಡಿಕೊಳ್ಳಿ. ಸೌತೆಕಾಯಿ ಹುಳಿಗಾದರೂ ಅಷ್ಟೇ. ಹೋಳು ಬೆಂದಮೇಲೆಯೇ ಹುಳಿ. ಕೆಸು ಮಾತ್ರ ಇದಕ್ಕೆ ಹೊರತು, ಅಲ್ಲಿ ಮೊದಲಿನಿಂದಲೇ ಹುಳಿ ಬೇಕು. ಹಾಗೆ ನೋಡಿದರೆ ಈ ನಾಲ್ಕರಲ್ಲಿ ಎರಡು ಗುಂಪು ಆಗುತ್ತವೆ. ಹುಣಸೆ, ಉಪ್ಪಾಗೆ, ವಾಟೆ ಬಹಳ ಹೊತ್ತು ಕುದಿಯಬಲ್ಲವು. ಮುರುಗಲು ಕೊನೆಗೆ ಬಂದು ಬೇಗ ಎದ್ದುಹೋಗಬೇಕಾದ ನೆಂಟ.

ಉಪ್ಪಾಗೆ ಮುರುಗಲಿನ ದಾಯಾದಿಯೇ. ಎರಡೂ ಗಾರ್ಸೀನಿಯ ಜಾತಿಯವು. ಆದರೆ ಹುಟ್ಟಿದ ಕಾಲ ಬೇರೆ. ಇದು ಹಣ್ಣಾಗುವುದು ಸುರಿಯುವ ಮಳೆಯಲ್ಲಿ. ಬಿಸಿಲು ಎಲ್ಲಿಂದ ತರುವುದು? ಹಾಗಾಗಿ ಒಲೆಯ ಮೇಲೆ, ಹೊಗೆಯಲ್ಲಿ ಒಣಗಿಸುತ್ತಾರೆ. ಸಿಪ್ಪೆ ಕಪ್ಪಗಾಗಿ, ಹೊಗೆಯ ವಾಸನೆ ಹೊತ್ತುಕೊಂಡೇ ಬರುತ್ತದೆ. ತಿಳಿಸಾರಿನಲ್ಲಿ ಅದು ಕೆಟ್ಟದ್ದು ಇದೇ ಕಾರಣಕ್ಕೆ. ಕರಕಲಿಯಲ್ಲಿ ಬೆಳ್ಳುಳ್ಳಿ ಜೋರಾಗಿ ಇರುವುದರಿಂದ ಹೊಗೆ ಹೊಂದಿಕೊಂಡಿತು, ತುರಿಕೆಯೂ ಪೂರ್ತಿ ಹೋಯಿತು. ನನಗೆ ಹಿಡಿಸಿತು, ಮಗಳಿಗೆ ಹಿಡಿಸಲಿಲ್ಲ.

ಉಪ್ಪಾಗೆಯ ನಿಜವಾದ ಜಾಗ ಬಂಗಡೆ ಗಡಿಗೆ. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ನುಣ್ಣಗೆ ರುಬ್ಬಿ, ತೊಳೆದ ಉಪ್ಪಾಗೆ ತುಂಡನ್ನು ಮಸಾಲೆಯಲ್ಲೇ ಕುದಿಸಿ, ಆಮೇಲೆ ಮೀನು ಬಿಡಬೇಕು. ಜಜ್ಜಿದ ಜುಮ್ಮನಕಾಯಿ ನಾಲ್ಕು ಹಾಕಿದರೆ ಬಂಗಡೆಯ ಎಣ್ಣೆ ವಾಸನೆ ಹಿಡಿತಕ್ಕೆ ಬರುತ್ತದೆ. ಕಾರವಾರದ ಕಡೆ ಈ ಮಸಾಲೆ ಕಾಯಿಯನ್ನೇ ತಿರಫಲ ಅನ್ನುವುದು. ಕೇರಳದವರು ಮೀನಿಗೆ ಉಪ್ಪಾಗೆಯ ಹುಳಿಯನ್ನೇ ಹಾಕುತ್ತಾರೆ, ಸುಮ್ನೆ ಅಲ್ಲ. ಹುಣಸೆಯ ಸಾರಿನಲ್ಲಿ ಹುಳಿ ಮೀನಿನ ಹೊರಗೇ ನಿಂತ ಹಾಗೆ ಇರುತ್ತದೆ. ಉಪ್ಪಾಗೆಯದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೋಳಿನ ಒಳಗೆ ಇಳಿದಿರುತ್ತದೆ. ತುಂಡನ್ನು ಮಾತ್ರ ರಾತ್ರಿಯೇ ತೆಗೆದಿಡಿ. ಬಿಟ್ಟರೆ ಮರುದಿನ ಬಾಯಿಗಿಡಲಾಗದಷ್ಟು ಹುಳಿ.

ಅಂಕೋಲೆಯಲ್ಲಿರುವ ನನ್ನ ಅತ್ತೆ ಇದನ್ನು ಒಪ್ಪುವುದಿಲ್ಲ. "ಬಂಗಡೆಗೆ ಬಿರಿಂಡವೇ ಸೈ, ಹೊಗೆ ಕುಡಿದ ಹುಳಿ ಯಾರಿಗೆ ಬೇಕೇ?" ಅನ್ನುತ್ತಾರೆ. ಅವರ ಸಾರು ತೆಳು, ಒಲೆಯಿಂದ ಬೇಗ ಇಳಿಯುತ್ತದೆ. ಆ ಸಾರಿಗೆ ಅವರ ಮಾತು ಸರಿ. ನನ್ನದು ದಪ್ಪ ಮಸಾಲೆ.

ಇನ್ನು ವಾಟೆಹುಳಿ. ಹಲಸಿನ ಬಳಗದ ಮರ. ಬೇಸಿಗೆಯಲ್ಲಿ ಬಲಿತ ಕಾಯನ್ನು ಹೋಳು ಮಾಡಿ ಒಣಗಿಸಿ ಇಟ್ಟಿರುತ್ತಾರೆ. ಶಿರಸಿ ಕಡೆಯ ಗೆಳತಿಯೊಬ್ಬಳು ಒಂದು ಪೊಟ್ಟಣ ಕೊಡದಿದ್ದರೆ ನಾನು ಈ ಹೋಲಿಕೆಯಲ್ಲಿ ಇದನ್ನು ಸೇರಿಸುತ್ತಲೇ ಇರಲಿಲ್ಲ. ಪೇಟೆಯಲ್ಲಿ ಹುಡುಕಿದಾಗಲೆಲ್ಲ ಸಿಗುವ ವಸ್ತುವಲ್ಲ. ನೋಡಲು ಮರದ ಚಕ್ಕೆ. ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ಬೀಸಿ ಹಾಕಿದೆ. ಬಣ್ಣ ಕೆಡಿಸಲಿಲ್ಲ, ವಾಸನೆ ಸೇರಿಸಲಿಲ್ಲ, ಸಿಹಿ ಇಲ್ಲ. ಮಾವಿನಕಾಯಿಗೆ ಹತ್ತಿರದ ಹುಳಿ, ಅದಕ್ಕಿಂತ ಮೆತ್ತಗೆ. ಕೆಸು ಕೆಸುವಿನ ಹಾಗೇ ಉಳಿಯಿತು, ತುರಿಕೆ ಹೋಯಿತು. ಬಿಸಿ ಅನ್ನ, ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ, ಈ ಕರಕಲಿ. ಪಾತ್ರೆ ಮೊದಲು ಖಾಲಿಯಾದದ್ದು ಇದರದೇ. ಒಂದೇ ತಕರಾರು ಅಂದರೆ ಮಳೆಗಾಲದ ಥಂಡಿಗೆ ಹೋಳು ಬೇಗ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಭರಣಿಯಲ್ಲಿಟ್ಟು ಒಲೆಯ ಹತ್ತಿರ ಇಡಬೇಕು, ಒದ್ದೆ ಕೈ ಹಾಕಬಾರದು.

ಅಮಟೆಕಾಯಿ ಈ ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳಬಹುದು. ಒಳಗಿನ ನಾರು ಗಟ್ಟಿಯಾಗುವ ಮೊದಲು ಸಿಕ್ಕರೆ ಜಜ್ಜಿ ಹಾಕಿ, ಚೆನ್ನಾಗಿರುತ್ತದೆ. ಆದರೆ ಅದು ಹುಳಿಗಿಂತ ತರಕಾರಿ ಅನ್ನಿಸುವುದೇ ಹೆಚ್ಚು. ಬಿಂಬುಳಿ ಎಂಬ ಹುಳಿ ಕಾಯಿ ಸಿಗಡಿಗೆ ಒಳ್ಳೆಯ ಜೋಡಿ, ಕೆಸುವಿಗೆ ಬೇಡ. ಬಿಂಬುಳಿಯಲ್ಲೂ ಆಕ್ಸಲೇಟ್ ಬಹಳ, ಕೆಸುವಿನಲ್ಲೂ ಇದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಎರಡನ್ನೂ ಒಟ್ಟಿಗೆ ತಿನ್ನದಿರುವುದೇ ಒಳ್ಳೆಯದು.

ಊರು ಬಿಟ್ಟು ಬೆಂಗಳೂರಲ್ಲಿ ಇರುವವರು ಒಂದನ್ನೇ ಒಯ್ಯುವುದಾದರೆ ಮುರುಗಲು ಒಯ್ಯಿರಿ. ಕರಕಲಿಗೆ ಹುಣಸೆ ಹಾಕಿ ಸುಧಾರಿಸಿಕೊಳ್ಳಬಹುದು, ಮುರುಗಲಿನ ಸಾರಿಗೆ ಬದಲಿ ಇಲ್ಲ. ಕೊಳ್ಳುವಾಗ ಸಿಪ್ಪೆಯನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ, ಬಾಗುವ ಹಾಗೆ, ಕಪ್ಪು ನೇರಳೆ ಬಣ್ಣದಲ್ಲಿ ಇರಬೇಕು. ಮೇಲೆಲ್ಲ ಉಪ್ಪು ಹರಳುಗಟ್ಟಿ ಬೆಳ್ಳಗೆ ಕಂಡರೆ ತೂಕಕ್ಕೆ ಉಪ್ಪು ಕೊಂಡ ಹಾಗೆ. ಅಂಥದ್ದನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗಿ.