ಡ್ರಿಪ್ ಅಲಾರಂ ಹೊಸದೇ, ಹಳೆಯದೇ? ಪೇಟೆಂಟ್ ಹುಡುಕುವ ಐದು ಉಚಿತ ತಾಣಗಳು ಒರೆಗಲ್ಲಿನ ಮೇಲೆ

ಗ್ಲೂಕೋಸ್ ಬಾಟಲಿ ಖಾಲಿಯಾಗುತ್ತಿದ್ದಂತೆ ಸಿಸ್ಟರ್ ಮೇಜಿನಲ್ಲಿ ಬೀಪ್ ಎನ್ನುವ ಸಾಧನ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹಳೇ ನೆಂಟ. ಒಂದು ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೊಂದು ಬೆಳಕು ಗ್ರಹಿಸುವ ಫೋಟೊಡಯೋಡ್, ನಡುವೆ ಹನಿ ಬೀಳುವ ಪುಟ್ಟ ಕೊಳವೆ ಅಂದರೆ ಡ್ರಿಪ್ ಚೇಂಬರ್, ಪಕ್ಕಕ್ಕೊಂದು ವೈಫೈ ಬೋರ್ಡ್. ಕೆಲಸ ಮಾಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆಮೇಲೆ ಬರುವ ಪ್ರಶ್ನೆ: ಇದಕ್ಕೆ ಪೇಟೆಂಟ್ ಸಿಗುತ್ತಾ?

ಉತ್ತರ ಹುಡುಕಲು ದುಡ್ಡು ಕೊಡಬೇಕಿಲ್ಲ. ಗೂಗಲ್ ಪೇಟೆಂಟ್ಸ್, ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸೆನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ (ವೈಪೊ) ಪೇಟೆಂಟ್‌ಸ್ಕೋಪ್, ಆಸ್ಟ್ರೇಲಿಯಾದ ಕ್ಯಾಂಬಿಯಾ ಸಂಸ್ಥೆಯ ದಿ ಲೆನ್ಸ್, ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್ — ಐದೂ ಪುಕ್ಕಟೆ. ಇದೇ ಡ್ರಿಪ್ ಅಲಾರಂ ಮುಂದಿಟ್ಟುಕೊಂಡು ಐದನ್ನೂ ತೂಗಿದರೆ ತೀರ್ಪು ಹೀಗೆ: ಶುರು ಮಾಡಬೇಕಾದ್ದು ಎಸ್ಪಾಸೆನೆಟ್‌ನಲ್ಲಿ, ಮುಗಿಸಬೇಕಾದ್ದು ಇನ್‌ಪಾಸ್‌ನಲ್ಲಿ. ಗೂಗಲ್ ಓದುವುದಕ್ಕೆ ಒಳ್ಳೆಯದು, ಹುಡುಕುವುದಕ್ಕೆ ಅದೊಂದನ್ನೇ ನಂಬಿದರೆ ಕೈಕೊಡುತ್ತದೆ.

ತಾಣ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಸಾಧನವನ್ನು ಬಿಡಿಬಿಡಿಯಾಗಿ ಬರೆಯಬೇಕು. ಚೇಂಬರಿಗೆ ಕಚ್ಚಿಕೊಳ್ಳುವ ಕ್ಲಿಪ್. ಹನಿಯನ್ನು ಬೆಳಕಿನಿಂದ ಗುರುತಿಸುವ ಜೋಡಿ. ಹನಿ ಹನಿಗಳ ನಡುವಿನ ಸಮಯದಿಂದ ವೇಗ ಲೆಕ್ಕ ಹಾಕುವ ಕ್ರಮ. ತಂತಿಯಿಲ್ಲದೆ ಸುದ್ದಿ ಕಳಿಸುವ ಭಾಗ. ನಳಿಕೆಯನ್ನು ತಾನೇ ಒತ್ತಿ ನಿಲ್ಲಿಸುವ ಕ್ಲ್ಯಾಂಪ್ ಇದ್ದರೆ ಅದೂ. ಇಷ್ಟಾದ ಮೇಲೆ ಯಾವ ತೊಂದರೆಯನ್ನು ನಿಮ್ಮ ಸಾಧನ ಬಿಡಿಸುತ್ತದೆ ಎಂಬ ಒಂದು ಸಾಲು. ಆ ಸಾಲೇ ಮುಖ್ಯ. ‘ರೋಗಿಗೆ ಅನುಕೂಲ’ ಎಂದು ಬರೆದರೆ ಹುಡುಕಲು ಏನೂ ಸಿಗದು. 20 ಹನಿಗೆ 1 ಮಿಲಿ ಬೀಳುವ ಸೆಟ್‌ನಲ್ಲಿ 500 ಮಿಲಿ ಬಾಟಲಿಯನ್ನು 4 ಗಂಟೆಯಲ್ಲಿ ಏರಿಸಬೇಕೆಂದರೆ ನಿಮಿಷಕ್ಕೆ ಸುಮಾರು 42 ಹನಿ, ಅಂದರೆ ಒಂದೂವರೆ ಸೆಕೆಂಡಿಗಿಂತ ತುಸು ಕಡಿಮೆ ಅಂತರ. ಇದನ್ನು ಎಣಿಸುವುದು ಯಾರಿಗೂ ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ: ಚೇಂಬರಿನ ಗೋಡೆಗೆ ಸಿಡಿದ ಹನಿ ಎರಡು ಸಲ ಎಣಿಕೆಯಾಗುತ್ತದೆ, ಕಿಟಕಿಯ ಬಿಸಿಲು ಬಿದ್ದರೆ ಫೋಟೊಡಯೋಡ್ ಕುರುಡಾಗುತ್ತದೆ, ಹರಿವು ಹೊಂದಿಸುವ ರೋಲರ್ ಪೂರ್ತಿ ಬಿಚ್ಚಿಕೊಂಡರೆ ಹನಿಗಳು ಧಾರೆಯಾಗಿ ಸೇರಿ ಸೆನ್ಸರ್ ‘ಹನಿಯೇ ಇಲ್ಲ’ ಎಂದುಕೊಳ್ಳುತ್ತದೆ. ಕೊನೆಯದು ಅಪಾಯಕಾರಿ — ದ್ರವ ಸುರಿಯುತ್ತಿರುವಾಗ ಯಂತ್ರ ‘ನಿಂತಿದೆ’ ಎನ್ನುತ್ತದೆ. ಹೊಸತನ ಇದ್ದರೆ ಇಂಥ ಜಾಗದಲ್ಲೇ ಇರುತ್ತದೆ. ಹಾಗಾಗಿ ಹುಡುಕಾಟವೂ ಅಲ್ಲಿಗೇ ಹೋಗಬೇಕು.

ಗೂಗಲ್ ಪೇಟೆಂಟ್ಸ್‌ನ ದೊಡ್ಡ ಗುಣ ವೇಗ. ಚೀನೀ ದಾಖಲೆಯೂ ಇಂಗ್ಲಿಷಿನಲ್ಲಿ ತೆರೆದುಕೊಳ್ಳುತ್ತದೆ, ಯಾವುದು ಯಾವುದನ್ನು ಉಲ್ಲೇಖಿಸಿದೆ ಎಂಬ ಪಟ್ಟಿ ಅದೇ ಪುಟದ ಕೆಳಗಿರುತ್ತದೆ. ಎರಡು ಪದಗಳು ಇಂತಿಷ್ಟು ದೂರದೊಳಗೆ ಬರಬೇಕು ಎಂದು ಕೇಳುವ ‘ನಿಯರ್’ ಸೌಲಭ್ಯವಿದೆ, ಆದ್ಯತಾ ದಿನಾಂಕಕ್ಕೆ (ಮೊದಲ ಅರ್ಜಿ ಸಲ್ಲಿಸಿದ ದಿನ) ಮಿತಿ ಹಾಕಬಹುದು. ಆದರೆ ಪದದಿಂದ ಹುಡುಕುವವರನ್ನು ಪೇಟೆಂಟ್ ಬರೆಯುವವರು ದಾರಿ ತಪ್ಪಿಸುತ್ತಾರೆ. ಸಿರಿಂಜಿಗೆ ‘ದ್ರವ ವಿತರಣಾ ಉಪಕರಣ’, ಡ್ರಿಪ್ ಅಲಾರಂಗೆ ‘ಗುರುತ್ವ ಇನ್‌ಫ್ಯೂಷನ್ ನಿಗಾ ವ್ಯವಸ್ಥೆ’. ‘ಐವಿ ಅಲಾರಂ’ ಎಂದು ಹೊಡೆದು, ಮೊದಲೆರಡು ಪುಟ ನೋಡಿ ‘ನಮ್ಮಂಥದ್ದು ಇಲ್ಲ’ ಎಂದು ಎದ್ದುಬಂದವರೇ ಮುಂದೆ ಪೇಟೆಂಟ್ ಕಚೇರಿಯ ಪರೀಕ್ಷಕರ ವರದಿ ನೋಡಿ ಬೆಚ್ಚಿಬೀಳುವುದು. ಇನ್ನೊಂದು ಎಚ್ಚರಿಕೆ: ಅಲ್ಲಿ ಕಾಣುವ ‘ಆ್ಯಕ್ಟಿವ್’, ‘ಎಕ್ಸ್‌ಪೈರ್ಡ್’ ಎಂಬ ಸ್ಥಿತಿ ಊಹೆ ಮಾತ್ರ, ಕಾನೂನಿನ ತೀರ್ಮಾನವಲ್ಲ ಎಂದು ಗೂಗಲ್ಲೇ ಬರೆದುಕೊಂಡಿದೆ. ಅದನ್ನು ನೆಚ್ಚಿ ತಯಾರಿಕೆಗೆ ಅಚ್ಚು ಹೊಯ್ಯಿಸಬೇಡಿ.

ಎಸ್ಪಾಸೆನೆಟ್‌ನಲ್ಲಿ ಪದವನ್ನು ಬದಿಗಿಟ್ಟು ವರ್ಗಸಂಖ್ಯೆಯಿಂದ ಇಳಿಯಬಹುದು. ಈ ವಿಮರ್ಶೆಯಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿದ್ದು ಈ ಒಂದೇ ಕಾರಣಕ್ಕೆ. ಸಿಪಿಸಿ ಎಂಬ ವರ್ಗೀಕರಣದಲ್ಲಿ ಪ್ರತಿ ತಂತ್ರಕ್ಕೂ ಒಂದು ಮನೆ ನಂಬರ್ ಇದೆ (ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು). ದೇಹಕ್ಕೆ ದ್ರವ ಕೊಡುವ ಸಾಧನಗಳು ಎ61ಎಂ; ಅದರೊಳಗೆ ಹರಿವಿನ ಹತೋಟಿಗೆ 5/168; ಅದರೊಳಗೆ ಹನಿ ಎಣಿಸುವ ಸಾಧನಗಳಿಗೆಂದೇ 5/1689. ಹೌದು, ಹನಿ ಎಣಿಕೆಗೆ ಅದರದೇ ಒಂದು ಮನೆ ಇದೆ. ಅಷ್ಟರಿಂದಲೇ ಗೊತ್ತಾಗಬೇಕು ಎಷ್ಟು ಜನ ಮೊದಲೇ ಬಂದು ಕೂತಿದ್ದಾರೆ ಎಂದು. ಬಾಟಲಿಯನ್ನು ಲೋಡ್‌ಸೆಲ್‌ಗೆ ತೂಗುಹಾಕಿ ತೂಕದಿಂದ ಉಳಿದದ್ದು ಅಳೆಯುವವರು 5/16845ರಲ್ಲಿ ಸಿಗುತ್ತಾರೆ. ಇದರ ಜೊತೆಗೆ 2205 ಎಂಬ ಸಾಲಿನಲ್ಲಿ ಅಡ್ಡಗುರುತುಗಳಿವೆ: 2205/3306 ಎಂದರೆ ಬೆಳಕಿನಿಂದ ಅಳೆಯುವ ವಿಧಾನ, 2205/18 ಎಂದರೆ ಅಲಾರಂ ಇರುವಂಥದ್ದು. 5/1689 ಮತ್ತು 2205/3306 ಎರಡೂ ಇರುವ ದಾಖಲೆ ಕೊಡು ಎಂದರೆ ನಿಮ್ಮ ಪ್ರಾಜೆಕ್ಟಿನ ಹತ್ತಿರದ ಬಂಧುಗಳೆಲ್ಲ ಸಾಲಾಗಿ ನಿಲ್ಲುತ್ತಾರೆ. ಆಸ್ಪತ್ರೆಯ ಸರ್ವರ್‌ಗೆ ಮಾಹಿತಿ ಕಳಿಸುವ ಭಾಗಕ್ಕೆ ಜಿ16ಎಚ್ 20/17 ಮತ್ತು 40/67 ನೋಡಬೇಕು.

ವರ್ಗಸಂಖ್ಯೆ ಗೊತ್ತಿಲ್ಲದವರಿಗೆ ಸುಲಭ ದಾರಿ: ಗೂಗಲ್‌ನಲ್ಲಿ ತೀರಾ ಹೋಲುವ ಎರಡು-ಮೂರು ಪೇಟೆಂಟ್ ಹುಡುಕಿ, ಅವಕ್ಕೆ ಹಚ್ಚಿದ ಸಂಖ್ಯೆಗಳನ್ನು ಎತ್ತಿಕೊಂಡು ಬಂದು ಇಲ್ಲಿ ಹಾಕುವುದು. ಫಲಿತಾಂಶ ಬಂದ ಮೇಲೆ ಪಟ್ಟಿಯನ್ನು ‘ಚಿತ್ರಗಳು ಮಾತ್ರ’ ಎಂದು ಬದಲಾಯಿಸಿ. ಕ್ಲಿಪ್, ಕ್ಲ್ಯಾಂಪ್, ಹಿಡಿಕೆಯಂಥ ಯಾಂತ್ರಿಕ ವಸ್ತುಗಳಲ್ಲಿ ಚಿತ್ರ ತಿರುವಿ ಹಾಕುವಷ್ಟು ಬೇಗ ಬೇರೆ ಯಾವುದೂ ಆಗುವುದಿಲ್ಲ. ಚೀನಾದ ಸಂಖ್ಯೆಯ ಕೊನೆಗೆ ‘ಯು’ ಇದ್ದರೆ ಅದು ಯುಟಿಲಿಟಿ ಮಾಡೆಲ್, ಅಂದರೆ ಸಣ್ಣ ಸುಧಾರಣೆಗಳಿಗೆ ಕೊಡುವ ಕಿರುಪೇಟೆಂಟ್. ಸಣ್ಣದೆಂದು ತಳ್ಳಿಹಾಕುವಂತಿಲ್ಲ, ನಿಮ್ಮ ಹೊಸತನವನ್ನು ಕೆಡವಲು ಅದೂ ಸಾಕು.

ಓದುವಾಗ ಹೆಚ್ಚಿನವರು ಎಡವುವ ಜಾಗ ಒಂದಿದೆ. ನಿಮ್ಮದು ಹೊಸದೇ ಎಂದು ನೋಡುವಾಗ ಹಳೆಯ ದಾಖಲೆಯ ಎಲ್ಲ ಪುಟಗಳೂ ಲೆಕ್ಕಕ್ಕೆ ಬರುತ್ತವೆ. ವಿವರಣೆಯ ಮೂಲೆಯಲ್ಲೋ ಚಿತ್ರದಲ್ಲೋ ಇದ್ದರೂ ಅದು ಹೊರಬಿದ್ದ ವಿಷಯವೇ. ಅವಧಿ ಮುಗಿದಿದ್ದರೂ, ಅರ್ಜಿ ತಿರಸ್ಕಾರಗೊಂಡಿದ್ದರೂ ಅಷ್ಟೇ. ಆದರೆ ನೀವು ತಯಾರಿಸಿ ಮಾರಿದರೆ ಇನ್ನೊಬ್ಬರ ಹಕ್ಕಿಗೆ ಧಕ್ಕೆಯೇ ಎಂದು ನೋಡುವಾಗ ಓದಬೇಕಾದ್ದು ಕ್ಲೇಮ್‌ಗಳನ್ನು (ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ಸಾಲುಗಳು), ಅದೂ ಜೀವಂತ ಪೇಟೆಂಟಿನದು, ಭಾರತದಲ್ಲಿ ಮಂಜೂರಾದದ್ದು. ಅಮೆರಿಕದಲ್ಲಿ ಮಾತ್ರ ಇರುವ ಪೇಟೆಂಟ್ ತುಮಕೂರಿನಲ್ಲಿ ತಯಾರಿಸಿ ಹುಬ್ಬಳ್ಳಿಯಲ್ಲಿ ಮಾರುವವರನ್ನು ತಡೆಯುವುದಿಲ್ಲ. ಹೀಗಾಗಿ ಒಂದೇ ದಾಖಲೆ ನಿಮಗೆ ಪೇಟೆಂಟ್ ಸಿಗದಂತೆ ಮಾಡುತ್ತಲೇ ಸಾಧನ ತಯಾರಿಸಲು ಅಡ್ಡಿಯಿಲ್ಲ ಎಂದೂ ಹೇಳಬಹುದು. ಸಣ್ಣ ತಯಾರಕರಿಗೆ ಎರಡನೆಯ ಮಾತೇ ಎಷ್ಟೋ ಸಲ ಹೆಚ್ಚು ಲಾಭದ್ದು.

ಎಸ್ಪಾಸೆನೆಟ್‌ನ ಕುಂದು ನಮ್ಮ ದೇಶದ ಮಟ್ಟಿಗೆ ದೊಡ್ಡದು. ಭಾರತದಲ್ಲಷ್ಟೇ ಸಲ್ಲಿಸಿದ ಅರ್ಜಿಗಳಿಗೆ ಸಾಮಾನ್ಯವಾಗಿ ಸಿಪಿಸಿ ಸಂಖ್ಯೆ ಬಿದ್ದಿರುವುದಿಲ್ಲ. ನಮ್ಮಲ್ಲಿ ನಡೆಯುವುದು ಐಪಿಸಿ ಎಂಬ ಹಳೆಯ ಅಂತರರಾಷ್ಟ್ರೀಯ ವರ್ಗೀಕರಣ. ಐಪಿಸಿಯಲ್ಲಿ ಹನಿ ಎಣಿಕೆಗೆ ಪ್ರತ್ಯೇಕ ಮನೆಯಿಲ್ಲ, ಎಲ್ಲ 5/168ರ ಒಂದೇ ಛತ್ರದಲ್ಲಿ. ಅಲ್ಲಿಗೆ ಇನ್‌ಪಾಸ್ ತಪ್ಪಿಸಿಕೊಳ್ಳಲಾಗದ ಕೆಲಸವಾಯಿತು.

ಇನ್‌ಪಾಸ್ ನೋಡಲು ಚೆಂದವಿಲ್ಲ. ಕ್ಯಾಪ್ಚಾ ಕೇಳುತ್ತದೆ, ಸುಮ್ಮನೆ ಬಿಟ್ಟು ಚಹಾ ಕುಡಿದು ಬಂದರೆ ಸೆಷನ್ ಹೋಗಿರುತ್ತದೆ. ಹಾಗಾಗಿ ಬೇಕೆನಿಸಿದ ಅರ್ಜಿ ಸಂಖ್ಯೆಯನ್ನು ಕಂಡ ಕೂಡಲೇ ಹಾಳೆಯಲ್ಲಿ ಬರೆದುಕೊಳ್ಳಿ. ಪ್ರಕಟವಾದವು, ಮಂಜೂರಾದವು ಎಂಬ ಎರಡು ಚೌಕಗಳಿವೆ, ಎರಡಕ್ಕೂ ಟಿಕ್ ಹಾಕಬೇಕು. ಮೊದಲು ಐಪಿಸಿ ಸಂಖ್ಯೆಯಿಂದ, ಆಮೇಲೆ ಶೀರ್ಷಿಕೆ ಮತ್ತು ಸಾರಾಂಶದ ಪದಗಳಿಂದ ಬೇರೆಬೇರೆಯಾಗಿ ಹುಡುಕುವುದು ಕ್ಷೇಮ. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಸಿಗಬೇಕಾದ್ದೂ ಜಾರುತ್ತದೆ. ‘ಐಒಟಿ ಆಧಾರಿತ ಸ್ಮಾರ್ಟ್’ ಎಂದು ಶುರುವಾಗುವ ಶೀರ್ಷಿಕೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹಲವು ಬರೀ ಪ್ರಕಟವಾದವು. ಫಾರ್ಮ್ 9 ಹಾಕಿ, ವ್ಯಕ್ತಿಯಾದರೆ ₹2,500 ಕಟ್ಟಿದರೆ ಅರ್ಜಿ ಬೇಗ ಪ್ರಕಟವಾಗುತ್ತದೆ. ಮಂಜೂರಾತಿಗೂ ಅದಕ್ಕೂ ಸಂಬಂಧವಿಲ್ಲ. ಬಯೋಡೇಟಾದಲ್ಲಿ ಅದನ್ನೇ ‘ಪೇಟೆಂಟ್ ಬಂದಿದೆ’ ಎಂದು ಬರೆದುಕೊಳ್ಳುವ ರೂಢಿ ಇದೆ, ಇರಲಿ. ನಿಮಗೆ ಸಂಬಂಧಿಸಿದ್ದು ಇಷ್ಟೇ: ಪ್ರಕಟವಾದ ಮೇಲೆ ಅದು ನಿಮ್ಮ ಅರ್ಜಿಗೆ ಅಡ್ಡ ನಿಲ್ಲಬಲ್ಲದು.

ಈ ತಾಣದ ನಿಜವಾದ ಖಜಾನೆ ‘ಅಪ್ಲಿಕೇಷನ್ ಸ್ಟೇಟಸ್’ ಒಳಗಿನ ‘ವ್ಯೂ ಡಾಕ್ಯುಮೆಂಟ್ಸ್’. ನಿಮ್ಮಂಥದ್ದೇ ಸಾಧನದ ಅರ್ಜಿಯಲ್ಲಿ ಎಫ್‌ಇಆರ್, ಅಂದರೆ ಮೊದಲ ಪರೀಕ್ಷಾ ವರದಿ ತೆರೆಯಿರಿ. ಪರೀಕ್ಷಕರು ಡಿ1, ಡಿ2, ಡಿ3 ಎಂದು ಯಾವ ಹಳೆಯ ದಾಖಲೆಗಳನ್ನು ಎದುರಿಟ್ಟರು, ಯಾವ ಕ್ಲೇಮ್ ಯಾಕೆ ಬಿತ್ತು, ಅರ್ಜಿದಾರರು ಏನು ಉತ್ತರ ಕೊಟ್ಟರು, ಕೊನೆಗೆ ಯಾವ ಪದ ಸೇರಿಸಿದ ಮೇಲೆ ಒಪ್ಪಿದರು — ಎಲ್ಲ ಅಲ್ಲಿದೆ. ನಿಮ್ಮ ಅರ್ಜಿಗೆ ಮುಂದೆ ಬರಲಿರುವ ಆಕ್ಷೇಪಣೆಗಳನ್ನು ಇಂದೇ ಬೇರೆಯವರ ಖರ್ಚಿನಲ್ಲಿ ಓದಿದಂತೆ. ಬಿಸಿಲಿನ ತೊಂದರೆಗೆ ಎಲ್‌ಇಡಿಯನ್ನು 38 ಕಿಲೊಹರ್ಟ್ಸ್‌ನಲ್ಲಿ ಮಿಡಿಸಿದ್ದೇವೆ ಎಂದು ಬೀಗುವವರು ಇಂಥ ಎರಡು ವರದಿ ಓದಿದರೆ ಸಾಕು: ಟಿವಿ ರಿಮೋಟ್‌ನಲ್ಲಿ ಅದೇ ಇದೆ, ಕಸುಬು ಬಲ್ಲ ಯಾರಿಗಾದರೂ ಹೊಳೆಯುತ್ತದೆ ಎಂಬ ಆಕ್ಷೇಪ ಹೇಗೆ ಬರುತ್ತದೆಂದು ಗೊತ್ತಾಗುತ್ತದೆ.

ಪೇಟೆಂಟ್‌ಸ್ಕೋಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಲವು ದೇಶಗಳಿಗೆ ಒಟ್ಟಿಗೆ ಸಲ್ಲಿಸುವ ಪಿಸಿಟಿ ಅರ್ಜಿಗಳು ಪ್ರತಿ ಗುರುವಾರ ಅಲ್ಲಿ ಪ್ರಕಟವಾಗುತ್ತವೆ, ಜೊತೆಗೆ ಅಂತರರಾಷ್ಟ್ರೀಯ ಶೋಧನಾ ವರದಿಯೂ ಸಿಗುತ್ತದೆ. ಅದರಲ್ಲಿ ‘ಎಕ್ಸ್’ ಗುರುತಿನ ದಾಖಲೆ ತಾನೊಂದೇ ಕ್ಲೇಮನ್ನು ಕೆಡವಬಲ್ಲದ್ದು, ‘ವೈ’ ಇನ್ನೊಂದರ ಜೊತೆ ಸೇರಿ ಕೆಡವಬಲ್ಲದ್ದು, ‘ಎ’ ಬರೀ ಹಿನ್ನೆಲೆ. ಪಿಸಿಟಿ ಅರ್ಜಿ ಭಾರತದೊಳಗೆ ಬರಲು ಆದ್ಯತಾ ದಿನಾಂಕದಿಂದ 31 ತಿಂಗಳು ಸಮಯವಿದೆ. ಅಷ್ಟು ದಿನ ಕಳೆದಿದ್ದರೂ ಇನ್‌ಪಾಸ್‌ನಲ್ಲಿ ಅದರ ಸುಳಿವಿಲ್ಲದಿದ್ದರೆ ಬಹುಮಟ್ಟಿಗೆ ಬಂದಿಲ್ಲವೆಂದೇ ಅರ್ಥ, ಆದರೂ ಅರ್ಜಿದಾರರ ಹೆಸರಿನಿಂದ ಇನ್ನೊಮ್ಮೆ ನೋಡಿ.

ಸಂಶೋಧನಾ ಸಾಫ್ಟ್‌ವೇರ್ ಬರೆಯುವವರಿಗೆ ದಿ ಲೆನ್ಸ್ ಹೆಚ್ಚು ಹೊಂದುತ್ತದೆ. ವಿದ್ವತ್ ಪ್ರಬಂಧ ಮತ್ತು ಪೇಟೆಂಟ್‌ಗಳನ್ನು ಅದು ಹೆಣೆದುಕೊಡುತ್ತದೆ: ಒಂದು ಪ್ರಬಂಧ ತೆರೆದು ಅದನ್ನು ಯಾವ ಪೇಟೆಂಟ್‌ಗಳು ಉಲ್ಲೇಖಿಸಿವೆ ಎಂದು ಕೇಳಬಹುದು. ಜೀವಕೋಶ ಎಣಿಸುವ ಚಿತ್ರವಿಶ್ಲೇಷಣೆಯ ಪ್ರೋಗ್ರಾಂ ಆದರೆ ಜಿ06ಟಿ 7/0012, ರೋಗನಿರ್ಣಯಕ್ಕೆ ನೆರವಾಗುವಂಥದ್ದಾದರೆ ಜಿ16ಎಚ್ 50/20. ವಾಣಿಜ್ಯ ಬಳಕೆಗೆ ಮಾತ್ರ ಲೆನ್ಸ್ ಹಣ ಕೇಳುತ್ತದೆ. ಆದರೆ ಸಾಫ್ಟ್‌ವೇರಿನವರು ಹುಡುಕುವ ಮೊದಲೇ ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3 ಓದಿಕೊಳ್ಳುವುದು ಲೇಸು. 3(ಕೆ) ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಅಷ್ಟೇ ಆದರೆ, ಅಲ್ಗಾರಿದಂ ಆದರೆ ಪೇಟೆಂಟ್ ಇಲ್ಲ. 3(ಐ) ಪ್ರಕಾರ ಚಿಕಿತ್ಸೆಯ, ರೋಗನಿರ್ಣಯದ ವಿಧಾನಕ್ಕೂ ಇಲ್ಲ. ತಾಂತ್ರಿಕ ಪರಿಣಾಮ ತೋರಿಸಿದರೆ ಬಾಗಿಲು ಮುಚ್ಚಿಲ್ಲ ಎಂದು 2019ರಲ್ಲಿ ದೆಹಲಿ ಹೈಕೋರ್ಟ್ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿತು. ಡ್ರಿಪ್ ಅಲಾರಂನಲ್ಲಿ ಧಾರೆಯನ್ನೂ ಖಾಲಿ ಬಾಟಲಿಯನ್ನೂ ಬೇರ್ಪಡಿಸುವ ಲೆಕ್ಕಾಚಾರ ಸೆನ್ಸರ್, ಕ್ಲ್ಯಾಂಪ್ ಎರಡಕ್ಕೂ ಗಂಟು ಬಿದ್ದಿದ್ದರೆ ವಾದಕ್ಕೆ ಜಾಗವಿದೆ. ಬರೀ ಡ್ಯಾಶ್‌ಬೋರ್ಡ್‌ಗೆ ಇಲ್ಲ. ಕೋಡ್‌ಗೆ ಕಾಪಿರೈಟ್ ತಾನಾಗಿಯೇ ಇದೆ, ಪ್ರಯೋಗಾಲಯದ ಉಪಯೋಗಕ್ಕೆ ಬರೆದ ಬಹುಪಾಲು ಪ್ರೋಗ್ರಾಂಗಳಿಗೆ ಅದೂ ಒಂದು ಸರಿಯಾದ ಲೈಸೆನ್ಸೂ ಸಾಕು.

ಐದರಲ್ಲಿ ಯಾವುದೂ ತೋರಿಸದ ಕತ್ತಲೆ ಕೋಣೆಗಳಿವೆ. ಸಲ್ಲಿಸಿದ ಅರ್ಜಿ ಸಾಮಾನ್ಯವಾಗಿ 18 ತಿಂಗಳು ಹೊರಗೆ ಕಾಣುವುದಿಲ್ಲ, ಆದ್ದರಿಂದ ‘ಏನೂ ಸಿಗಲಿಲ್ಲ’ ಎಂದರೆ ‘ಒಂದೂವರೆ ವರ್ಷದ ಹಿಂದಿನವರೆಗೆ ಸಿಗಲಿಲ್ಲ’ ಎಂದೇ ಓದಿಕೊಳ್ಳಬೇಕು. ಶೋಧಗಂಗಾದ ಪಿಎಚ್‌ಡಿ ಪ್ರಬಂಧಗಳು, ಗಿಟ್‌ಹಬ್‌ನ ಕೋಡ್, ಯೂಟ್ಯೂಬ್ ವಿಡಿಯೊ ಇವೂ ಹೊರಬಿದ್ದ ಮಾಹಿತಿಯೇ, ಪ್ರತ್ಯೇಕವಾಗಿ ಹುಡುಕಬೇಕು. ನಿಮ್ಮದೇ ಪ್ರದರ್ಶನದ ವಿಡಿಯೊ ಕೂಡ ನಿಮಗೆ ಶತ್ರುವಾಗಬಹುದು. ಸೆಕ್ಷನ್ 31ರ 12 ತಿಂಗಳ ವಿನಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ ಇಂಥ ಕೆಲವಕ್ಕೆ ಮಾತ್ರ. ಕಾಲೇಜಿನ ಹಬ್ಬಕ್ಕೆ ಅದು ತಾನಾಗಿ ಅನ್ವಯಿಸದು. ಇನ್ನು ಎಐ ಚಾಟ್‌ಗಳು: ಪರ್ಯಾಯ ಪದಗಳನ್ನು ಕೇಳಲು ಚೆನ್ನ, ಆದರೆ ಇಲ್ಲದ ಪೇಟೆಂಟ್ ಸಂಖ್ಯೆಯನ್ನು ಗಂಭೀರವಾಗಿ ಹೇಳುತ್ತವೆ. ಕೊಟ್ಟ ಪ್ರತಿ ಸಂಖ್ಯೆಯನ್ನೂ ಎಸ್ಪಾಸೆನೆಟ್‌ನಲ್ಲಿ ತೆರೆದು ನೋಡಿ. ಇನ್ನೂ ಸಲ್ಲಿಸದ ಕ್ಲೇಮನ್ನು ಅಲ್ಲಿ ಅಂಟಿಸಲೇಬೇಡಿ.

ಒಂದು ಸಾಧನಕ್ಕೆ ಎರಡು ದಿನ ಇಟ್ಟರೆ ಈ ಕೆಲಸ ಮುಗಿಯುತ್ತದೆ. ಮುಗಿದಾಗ ಕೈಯಲ್ಲಿ ಒಂದು ಕೋಷ್ಟಕ ಇರಬೇಕು: ಎಡಕ್ಕೆ ಮೊದಲ ಹಾಳೆಯ ಬಿಡಿಭಾಗಗಳು, ಮೇಲೆ ಹತ್ತಿರದ ಐದಾರು ದಾಖಲೆಗಳು, ಯಾವ ಚೌಕದಲ್ಲಿ ಯಾವ ಪ್ಯಾರಾ ಸಂಖ್ಯೆ. ಪೂರ್ತಿ ಖಾಲಿ ಉಳಿದ ಸಾಲೇ ನಿಮ್ಮ ಮೊದಲ ಕ್ಲೇಮಿನ ಬೀಜ. ಒಂದು ಸಾಲೂ ಖಾಲಿ ಉಳಿಯದಿದ್ದರೆ ಜೋಡಣೆಯಲ್ಲಾದರೂ ಅನಿರೀಕ್ಷಿತವಾದದ್ದು ಇದೆಯೇ ನೋಡಿ, ಅದೂ ಇಲ್ಲದಿದ್ದರೆ ಅರ್ಜಿಯ ₹1,600 (ವ್ಯಕ್ತಿಗಳಿಗಿರುವ ದರ) ಉಳಿಸಿ. ಸಾಲು ಖಾಲಿ ಇದ್ದವರು ಕೋಷ್ಟಕವನ್ನು ಪೇಟೆಂಟ್ ಏಜೆಂಟರಿಗೆ ಕೊಟ್ಟರೆ ಅವರ ಕೆಲಸ ಅರ್ಧ ಇಳಿಯುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದೊಳಗಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ (ಕೆಎಸ್‌ಸಿಎಸ್‌ಟಿ) ಪೇಟೆಂಟ್ ಮಾಹಿತಿ ಕೇಂದ್ರಕ್ಕೆ ಹೋಗುವವರೂ ಬರಿಗೈಯಲ್ಲಿ ಹೋಗದೆ ಇದನ್ನೇ ಹಿಡಿದು ಹೋಗಿ. ಕರ್ನಾಟಕದವರ ಅರ್ಜಿ ಸೇರುವುದು ಚೆನ್ನೈ ಪೇಟೆಂಟ್ ಕಚೇರಿಯನ್ನು. ಆನ್‌ಲೈನ್‌ನಲ್ಲಿ ಸಲ್ಲಿಸಿ, ಕಾಗದದಲ್ಲಿ ಕೊಟ್ಟರೆ ಶುಲ್ಕ ಶೇ 10ರಷ್ಟು ಜಾಸ್ತಿ. 30 ಪುಟ, 10 ಕ್ಲೇಮ್ ದಾಟಿದರೆ ವ್ಯಕ್ತಿಗಳಿಗೆ ಪ್ರತಿ ಪುಟಕ್ಕೆ ₹160, ಪ್ರತಿ ಕ್ಲೇಮಿಗೆ ₹320 ಹೆಚ್ಚುವರಿ.