ಮಾಗುವ ಭತ್ತಕ್ಕೆ ಯೂರಿಯಾ: ಎರಚಿದ್ದು, ಸಿಂಪಡಿಸಿದ್ದು, ಬಣ್ಣ ನೋಡಿ ಕೊಟ್ಟದ್ದು

ತೆನೆ ಹಾಲುಗಟ್ಟುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾದರೆ ಕೈ ತಾನಾಗಿ ಯೂರಿಯಾ ಚೀಲಕ್ಕೆ ಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ನಮ್ಮ ಗದ್ದೆಯಲ್ಲಿ ಐಆರ್ 64 ಎಂಬ ಭತ್ತದ ತಳಿ ನಾಟಿ ಮಾಡಿ, ಅಕ್ಕಪಕ್ಕದ ಮೂರು ತಾಕುಗಳಲ್ಲಿ ಮೂರು ದಾರಿ ಹಿಡಿದೆ.

ಮೊದಲನೆಯದರಲ್ಲಿ ಹೂವಾದ ಮೇಲೆ ನಿಂತ ನೀರಿಗೇ ಯೂರಿಯಾ ಎರಚಿದೆ. ಪೈರು ಕಣ್ಣು ಕುಕ್ಕುವಷ್ಟು ಹಸಿರಾಯಿತು, ನೋಡಿದವರೆಲ್ಲ ಮೆಚ್ಚಿದರು. ಕೊಯ್ಲಿನ ಹೊತ್ತಿಗೂ ಎಲೆ ಹಸಿರಾಗಿಯೇ ಇತ್ತು, ತೆನೆಯಲ್ಲಿ ಜೊಳ್ಳು ಹೆಚ್ಚಿತ್ತು, ಒಂದು ಮೂಲೆ ಮಲಗಿಯೂ ಬಿಟ್ಟಿತು. ಪಾಚಿಗಟ್ಟಿದ ಗದ್ದೆ ನೀರು ಮಧ್ಯಾಹ್ನದ ಬಿಸಿಲಿಗೆ ಕ್ಷಾರವಾಗುತ್ತದೆ. ಆಗ ಎರಚಿದ ಯೂರಿಯಾದಲ್ಲಿರುವ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೇ ಹೋಗುತ್ತದೆ.

ಎರಡನೆಯದಕ್ಕೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಂಜೆ ಸಿಂಪಡಿಸಿದೆ. ಗೊಬ್ಬರ ಬಹಳ ಕಡಿಮೆ ಸಾಕಾಯಿತು. ತೆನೆಯ ಕೆಳಗೇ ಇರುವ ತುದಿಯ ಎಲೆ, ಅಂದರೆ ಬಾವುಟದ ಎಲೆ, ಚೆನ್ನಾಗಿ ಹೀರಿಕೊಂಡಿತು, ಕೆಳಗಿನ ಮುದಿ ಎಲೆಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ. ಚೇತರಿಸಿಕೊಳ್ಳುವುದು ಅವುಗಳ ಕೆಲಸವೂ ಅಲ್ಲ! ಎಲೆಯ ಕರಗುವ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವ ರುಬಿಸ್ಕೊ, ಅಂದರೆ ಗಾಳಿಯ ಇಂಗಾಲವನ್ನು ಹಿಡಿಯುವ ಕಿಣ್ವ, ಮುಪ್ಪಿನಲ್ಲಿ ಒಡೆಯುತ್ತದೆ. ಆಗ ಹುಟ್ಟುವ ಅಮೋನಿಯಾವನ್ನು ಗ್ಲುಟಮೈನ್ ಸಿಂಥಟೇಸ್ ಎಂಬ ಕಿಣ್ವ ಹಿಡಿದು ಗ್ಲುಟಮೈನ್ ಮಾಡುತ್ತದೆ, ಅದು ನಾಳಗಳ ಮೂಲಕ ಕಾಳಿಗೆ ಸಾಗುತ್ತದೆ. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿರುವ ಈ ಕಿಣ್ವ ವಯಸ್ಸಾದಂತೆ ಕುಗ್ಗುತ್ತದೆ. ನಾಳಗಳ ಬಳಿ ಇರುವ ಅದರ ಇನ್ನೊಂದು ರೂಪವೇ ಕೊನೆಯವರೆಗೂ ದುಡಿಯುವುದು. ಅದಕ್ಕೂ ಸಿಗದೆ ಉಳಿದ ಅಮೋನಿಯಾ ಪತ್ರರಂಧ್ರಗಳಿಂದ ಹೊರಬೀಳುತ್ತದೆ, ಸೆಕೆ ಏರಿದಷ್ಟೂ ಹೆಚ್ಚಾಗಿ. ಹಳದಿ ಎಲೆಯೆಂದರೆ ತನ್ನ ಗಳಿಕೆಯನ್ನು ತೆನೆಗೆ ದಾಟಿಸುತ್ತಿರುವ ಎಲೆ. ಇದು ತಿಳಿದ ಮೇಲೆ ಅದರ ಮೇಲೆ ಮತ್ತೆ ಯೂರಿಯಾ ಹೇರಲು ನನಗೆ ಮನಸ್ಸು ಬರಲಿಲ್ಲ.

ಮೂರನೆಯ ತಾಕಿನಲ್ಲಿ ಎಲೆ ಬಣ್ಣದ ಪಟ್ಟಿ ಹಿಡಿದೆ, ಅಂದರೆ ತಿಳಿ ಹಸಿರಿನಿಂದ ಕಪ್ಪುಹಸಿರಿನವರೆಗೆ ಅಂಕಿ ಹಾಕಿದ ಬಣ್ಣಗಳಿರುವ ಪಟ್ಟಿ. ನಾಟಿಯಾದ ಮೂರನೇ ವಾರದಿಂದ ಹೂವಾಗುವವರೆಗೆ, ವಾರಕ್ಕೊಮ್ಮೆ, ನನ್ನ ನೆರಳಿನಲ್ಲೇ ಹತ್ತು ಗಿಡಗಳ ಪೂರ್ತಿ ಅರಳಿದ ಎಳೆಯ ಎಲೆಯನ್ನು ಪಟ್ಟಿಗೆ ಹೋಲಿಸುವುದು. ಆರು ಎಲೆಗಳಾದರೂ ಪಟ್ಟಿಯ 4ನೇ ಬಣ್ಣಕ್ಕಿಂತ ತಿಳಿಯಾಗಿದ್ದರೆ ಮಾತ್ರ ಗೊಬ್ಬರ. ಬೇಸರದ ಕೆಲಸ, ನಿಜ. ಎರಡು ಬಾರಿ ಎರಚಬೇಕೆನಿಸಿದಾಗ ಪಟ್ಟಿಯೇ ತಡೆಯಿತು. ಪೈರು ಮೊದಲ ತಾಕಿನಷ್ಟು ಕಪ್ಪುಹಸಿರಾಗಲಿಲ್ಲ, ಆದರೆ ಎಲೆಗಳು ಕೆಳಗಿನಿಂದ ಸಾಲಾಗಿ ಒಣಗಿದವು, ಬಾವುಟದ ಎಲೆ ಕೊನೆಗೆ ಬಣ್ಣ ಬಿಟ್ಟಿತು, ಕಾಳು ಗಟ್ಟಿ ಕೂತಿತು.

ಬರುವ ಮುಂಗಾರಿಗೆ ಮೂರೂ ತಾಕಿಗೆ ಪಟ್ಟಿಯೇ. ಸಿಂಪರಣೆಯನ್ನು ನಾಲೆಯ ನೀರು ಕೈಕೊಟ್ಟು ಬೇರಿಗೆ ಗೊಬ್ಬರ ತಲುಪದ ದಿನಗಳಿಗೆಂದು ಇಟ್ಟುಕೊಂಡಿದ್ದೇನೆ, ಅದೂ ಹೂವಿಗೆ ಮುಂಚೆ.