ಗಡ್ಡೆಯೊಳಗಿನ ರಕ್ತಸಂಚಾರದ ಲೆಕ್ಕಕ್ಕೆ ತ್ರೀಡಿ ಸ್ಲೈಸರ್: ಬಳಸಿದ ಮೇಲಿನ ಅಭಿಪ್ರಾಯ

ಕ್ಯಾನ್ಸರ್ ಗಡ್ಡೆ ಬೆಳೆಯುತ್ತ ಹೋದಂತೆ ತನಗೆ ಬೇಕಾದ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಹಾಗೆ ಹುಟ್ಟಿದ ನಾಳಗಳ ಗೋಡೆ ಸೋರುತ್ತದೆ. ಚಿತ್ರದಲ್ಲಿ ಹೊಳೆದು ಕಾಣುವ ಗ್ಯಾಡೋಲಿನಿಯಂ ಎಂಬ ವಸ್ತುವಿನ ಚುಚ್ಚುಮದ್ದು ಕೊಟ್ಟು ಒಂದರ ಹಿಂದೊಂದರಂತೆ ಎಂಆರ್‌ಐ ಚಿತ್ರಗಳನ್ನು ತೆಗೆದರೆ ಆ ಸೋರಿಕೆ ಹೊಳಪಿನ ಏರಿಳಿತವಾಗಿ ಕಾಣುತ್ತದೆ. ಈ ಏರಿಳಿತವನ್ನು ಅಂಕಿಗಳಾಗಿ ಪರಿವರ್ತಿಸುವ ಪಿಕೆ ಮಾಡೆಲಿಂಗ್ ಎಂಬ ವಿಸ್ತರಣೆಯನ್ನು, ವೈದ್ಯಕೀಯ ಚಿತ್ರಗಳನ್ನು ವಿಶ್ಲೇಷಿಸುವ, ಉಚಿತವಾಗಿ ಸಿಗುವ ತ್ರೀಡಿ ಸ್ಲೈಸರ್ ತಂತ್ರಾಂಶದೊಳಗೆ, ಸ್ತನ ಕ್ಯಾನ್ಸರ್‌ನ ಸಾರ್ವಜನಿಕ ಚಿತ್ರಗಳ ಮೇಲೆ ಬಳಸಿ ನೋಡಿದ್ದೇನೆ.

ಲೆಕ್ಕದ ಬುನಾದಿ ಟಾಫ್ಟ್ಸ್ ಮಾದರಿ, ಅಂದರೆ ಗ್ಯಾಡೋಲಿನಿಯಂ ರಕ್ತ ಮತ್ತು ಅಂಗಾಂಶದ ನಡುವೆ ಹೇಗೆ ಓಡಾಡುತ್ತದೆ ಎಂಬುದರ ಗಣಿತ ಸೂತ್ರ. ಗ್ಯಾಡೋಲಿನಿಯಂ ರಕ್ತದಿಂದ ಅಂಗಾಂಶಕ್ಕೆ ದಾಟುವ ವೇಗವನ್ನು ತಿಳಿಸುವ ಕೆ-ಟ್ರಾನ್ಸ್ ನಕ್ಷೆಯ ಜೊತೆಗೆ, ಮಾದರಿ ಪ್ರತಿ ಬಿಂದುವಿನಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಎಂಬುದರ ನಕ್ಷೆಯನ್ನೂ ಈ ವಿಸ್ತರಣೆ ಕೊಡುತ್ತದೆ. ಬಣ್ಣಬಣ್ಣದ ಚಿತ್ರವನ್ನು ನಂಬುವ ಮೊದಲು ಈ ಎರಡನೆಯದನ್ನು ನೋಡಬೇಕು. ಉಸಿರಾಟದಿಂದ ಅಲುಗಿದ ಜಾಗಗಳು ಅಲ್ಲಿಯೇ ಬಯಲಾಗುತ್ತವೆ.

ಕಷ್ಟವಿರುವುದು ಧಮನಿಯ ವಕ್ರರೇಖೆಯನ್ನು, ಅಂದರೆ ಧಮನಿಯ ರಕ್ತದಲ್ಲಿ ಗ್ಯಾಡೋಲಿನಿಯಂ ಪ್ರಮಾಣ ಸಮಯದೊಂದಿಗೆ ಏರಿಳಿಯುವ ರೇಖೆಯನ್ನು, ಆರಿಸುವಲ್ಲಿ. ಧಮನಿಯ ಮೇಲೆ ನಾವೇ ಗುರುತು ಹಾಕಬಹುದು, ಕಡತದಿಂದ ಕೊಡಬಹುದು, ಇಲ್ಲವೇ ಹಲವರ ಸರಾಸರಿ ರೇಖೆಯನ್ನು ಬಳಸಬಹುದು. ಅದೇ ಗಡ್ಡೆಗೆ ಗುರುತನ್ನು ತುಸು ಸರಿಸಿದಾಗ ಕೆ-ಟ್ರಾನ್ಸ್ ಬದಲಾದದ್ದನ್ನು ಕಂಡು, ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಸ್ಕ್ಯಾನ್‌ಗಳಿಗೆ ಬೇರೆಬೇರೆ ವಿಧಾನ ಬಳಸುವುದು ದೊಡ್ಡ ತಪ್ಪು ಎಂದು ಮನವರಿಕೆಯಾಯಿತು. ವಿಸ್ತರಣೆಯ ಪರದೆಯಲ್ಲಿ ಮೊದಲೇ ತುಂಬಿರುವ ಅಂಕಿಗಳನ್ನು ತಮ್ಮ ಯಂತ್ರಕ್ಕೂ ಅಂಗಕ್ಕೂ ತಕ್ಕಂತೆ ಬದಲಿಸದೆ ಮುಂದುವರಿಯಬಾರದು. ಈ ಎಚ್ಚರಿಕೆಯನ್ನು ಪರದೆಯ ಮೇಲೆಯೇ ಇನ್ನೂ ಸ್ಪಷ್ಟವಾಗಿ ಕೊಟ್ಟಿದ್ದರೆ ಹೊಸಬರಿಗೆ ಉಪಕಾರವಾಗುತ್ತಿತ್ತು.

ಇನ್ನೊಂದು ಮಾತು. ಕೆ-ಟ್ರಾನ್ಸ್ ಎಂದರೆ ರಕ್ತದ ಹರಿವು ಎಂದು ಬರೆಯುವವರಿದ್ದಾರೆ. ನಾಳ ಬಹಳ ಸೋರುತ್ತಿದ್ದರೆ ಮಾತ್ರ ಅದು ಹರಿವಿಗೆ ಹತ್ತಿರವಾಗುತ್ತದೆ. ಹರಿವು ಧಾರಾಳವಾಗಿದ್ದು ಗೋಡೆ ಬಿಗಿಯಾಗಿದ್ದರೆ ಅದು ಅಳೆಯುವುದು ಸೋರಿಕೆಯನ್ನು. ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ. ಆದ್ದರಿಂದ ವರದಿಯಲ್ಲಿ ‘ರಕ್ತದ ಹರಿವು’ ಎಂಬ ಪದವನ್ನು ಎಚ್ಚರದಿಂದ ಬಳಸಬೇಕು.

2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ತನ ಕ್ಯಾನ್ಸರ್‌ನ 10 ರೋಗಿಗಳ ಅದೇ ಚಿತ್ರಗಳನ್ನು ಹಲವು ಕೇಂದ್ರಗಳು ತಮ್ಮ ತಮ್ಮ ತಂತ್ರಾಂಶಗಳಿಂದ ಲೆಕ್ಕ ಹಾಕಿದಾಗ ಅಂಕಿಗಳು ಒಂದಕ್ಕೊಂದು ಸಾಕಷ್ಟು ದೂರವಿದ್ದವು. ಆದರೆ ಮೊದಲ ಸುತ್ತಿನ ಕೀಮೋ ನಂತರದ ಶೇಕಡಾವಾರು ಬದಲಾವಣೆಯಲ್ಲಿ ಹೊಂದಾಣಿಕೆ ಹೆಚ್ಚಿತ್ತು. ಹಾಗಾಗಿ ಒಬ್ಬ ರೋಗಿಯನ್ನು ಒಂದೇ ತಂತ್ರಾಂಶದಲ್ಲಿ, ಒಂದೇ ಕ್ರಮದಲ್ಲಿ ಹಿಂಬಾಲಿಸುವ ಸಂಶೋಧಕರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಸ್ಲೈಸರ್ ಸಂಶೋಧನೆಗೆಂದೇ ಇರುವ ಸಾಧನ. ಇದರ ಅಂಕಿಗಳ ಮೇಲೆ ಚಿಕಿತ್ಸೆಯನ್ನು ಬದಲಿಸುವಂತಿಲ್ಲ.